ಕಾರ್ ರೇಡಾರ್ ಪ್ರಾಜೆಕ್ಟ್: ಎದುರಿಗೆ ಇನ್ನೊಂದು ರೇಡಾರ್ ಇಟ್ಟು ನೋಡಿದ್ದು

ಹೋದ ಅಪ್‌ಡೇಟಲ್ಲಿ ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಕಾರು, ಕಂಬ ಎಲ್ಲಾ ಪ್ಲಾಟಲ್ಲಿ (ರೇಡಾರ್ ಡೇಟಾದ ಗ್ರಾಫಲ್ಲಿ) ನೀಟಾಗಿ ಕಾಣ್ತಿತ್ತು. ಈ ಸಲ ಫ್ರೆಂಡ್ ಹತ್ರ ಎರಡನೇ 77 ಗಿಗಾಹರ್ಟ್ಸ್ ಬೋರ್ಡ್ ಇಸ್ಕೊಂಡು ಬಂದು ಎದುರಿಗೆ ಇಟ್ಟು ಬೇಕಂತಲೇ ಡಿಸ್ಟರ್ಬ್ ಮಾಡಿಸಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ರೇಡಾರ್ ಬಿಡೋದು ಚರ್ಪ್, ಅಂದ್ರೆ ಫ್ರೀಕ್ವೆನ್ಸಿ ಒಂದೇ ಸಮ ಏರ್ತಾ ಹೋಗೋ ಸಿಗ್ನಲ್. ಅದು ತಗುಲಿ ವಾಪಸ್ ಬರೋ ಹೊತ್ತಿಗೆ ಇಲ್ಲಿಂದ ಹೋಗ್ತಿರೋ ಫ್ರೀಕ್ವೆನ್ಸಿ ಮೇಲೇರಿರುತ್ತೆ, ಎರಡನ್ನೂ ಮಿಕ್ಸ್ ಮಾಡಿದಾಗ ಸಿಗೋ ವ್ಯತ್ಯಾಸದಿಂದ ದೂರ ಲೆಕ್ಕ ಹಾಕ್ಬಹುದು. ನನ್ನ ಸ್ಲೋಪ್ (ಫ್ರೀಕ್ವೆನ್ಸಿ ಏರೋ ವೇಗ) ಮೈಕ್ರೋಸೆಕೆಂಡಿಗೆ 30 ಮೆಗಾಹರ್ಟ್ಸ್, ಹಾಗಾಗಿ 10 ಮೀಟರ್ ದೂರದ ಕಂಬ 2 ಮೆಗಾಹರ್ಟ್ಸ್ ಹತ್ರ ಬೀಳುತ್ತೆ. ವೇಗಕ್ಕೆ ಒಂದು ಚರ್ಪಿಂದ ಇನ್ನೊಂದಕ್ಕೆ ಫೇಸ್ (ಅಲೆ ತನ್ನ ಸುತ್ತಲ್ಲಿ ಎಲ್ಲಿದೆ ಅನ್ನೋದು) ಎಷ್ಟು ತಿರುಗ್ತು ಅಂತ ನೋಡ್ಬೇಕು, ದಿಕ್ಕಿಗೆ ಆಂಟೆನಾಗಳ ನಡುವಿನ ಫೇಸ್.

ಎದುರಿನ ಬೋರ್ಡಿಗೆ ಮೈಕ್ರೋಸೆಕೆಂಡಿಗೆ 45 ಮೆಗಾಹರ್ಟ್ಸ್ ಸ್ಲೋಪ್ ಕೊಟ್ಟೆ. ಇಲ್ಲದ ಕಾರು ಕಾಣುತ್ತೆ ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ಆ ಥರ ಘೋಸ್ಟ್ ಬರೋಕೆ ಸ್ಲೋಪೂ ಒಂದೇ ಇರ್ಬೇಕು ಟೈಮಿಂಗೂ ಕೂಡಿ ಬರ್ಬೇಕು, ಅಪರೂಪ. ನಿಜವಾದ ತಲೆನೋವು ಬೇರೆ: ಅದರ ಚರ್ಪ್ ನಮ್ಮದನ್ನ ಅಡ್ಡ ದಾಟುವಾಗ ನಮ್ಮ 10 ಮೆಗಾಹರ್ಟ್ಸ್ ಫಿಲ್ಟರ್ ಒಳಗೆ ಹೆಚ್ಚುಕಡಿಮೆ 1.3 ಮೈಕ್ರೋಸೆಕೆಂಡ್ ಇದ್ದು ಹೋಗುತ್ತೆ, ರಾ ಡೇಟಾದಲ್ಲಿ ನೋಡಿದ್ರೆ ಚಿಕ್ಕ ಮುಳ್ಳು ಅಷ್ಟೇ, ಆದ್ರೆ ಎಫ್‌ಎಫ್‌ಟಿ (ಸಿಗ್ನಲನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ) ಮಾಡಿದ ತಕ್ಷಣ ಅದು ಇಡೀ ಪ್ಲಾಟಿಗೆ ಹರಡಿ ನಾಯ್ಸ್ ಫ್ಲೋರನ್ನೇ (ತಳದಲ್ಲಿ ಯಾವಾಗ್ಲೂ ಇರೋ ಗದ್ದಲದ ಮಟ್ಟ) ಎತ್ತಿಬಿಡುತ್ತೆ. ಕಾರು ಕಾಣ್ತಾನೇ ಇತ್ತು, ಸ್ವಲ್ಪ ಹಿಂದೆ ನಿಂತಿದ್ದ ನನ್ನ ತಮ್ಮ ಮಾಯ! ರಸ್ತೇಲಿ ಕಾಣೆಯಾಗೋದೂ ಇಂಥವರೇ, ನಡ್ಕೊಂಡು ಹೋಗೋರು, ಸೈಕಲ್‌ನವರು. ನಮ್ಮ ಎಕೋ ಹೋಗಿ ಬರ್ಬೇಕಲ್ಲ, ದೂರದ ನಾಲ್ಕನೇ ಘಾತದಲ್ಲಿ ಕುಗ್ಗುತ್ತೆ, ಎದುರಿನವನದು ಬರೀ ಒನ್ ವೇ, ವರ್ಗದಲ್ಲಿ ಕುಗ್ಗುತ್ತೆ ಅಷ್ಟೇ.

ಮೊದಲು ಮುಳ್ಳಿರೋ ಸ್ಯಾಂಪಲ್‌ಗಳನ್ನ ಹುಡುಕಿ ಸೊನ್ನೆ ಮಾಡಿದೆ. ತಮ್ಮ ವಾಪಸ್ ಬಂದ, ಜೊತೆಗೆ ಕಾರಿನ ಎರಡೂ ಕಡೆ ಸೈಡ್‌ಲೋಬ್‌ಗಳೂ (ಪಕ್ಕದಲ್ಲಿ ಏಳೋ ಸುಳ್ಳು ಉಬ್ಬುಗಳು) ಬಂದ್ವು, ಡೇಟಾ ಮಧ್ಯ ತೂತು ಮಾಡಿದ್ಮೇಲೆ ಬರ್ದೇ ಇರುತ್ತಾ. ಆಮೇಲೆ ಆ ತೂತನ್ನ ಆಚೀಚೆ ಸ್ಯಾಂಪಲ್‌ಗಳಿಂದ ಅಂದಾಜು ಮಾಡಿ ತುಂಬಿಸಿದೆ, ಆಟೋರಿಗ್ರೆಸಿವ್ ಮಾಡೆಲ್ ಹಾಕಿ. ಪೈಥಾನಲ್ಲಿ ಆಮೆ ಸ್ಪೀಡು, ಆದ್ರೂ ನನ್ನ ವೋಟ್ ಇದಕ್ಕೇ.

ಮುಂದಿನದು ಘೋಸ್ಟನ್ನ ಬೇಕಂತಲೇ ಬರಿಸೋದು. ಎರಡಕ್ಕೂ ಒಂದೇ ಸ್ಲೋಪ್ ಕೊಟ್ಟು, 50 ಮೀಟರ್ ರೇಂಜಲ್ಲಿ ಕಾಣ್ಬೇಕಂದ್ರೆ ಅದರ ಚರ್ಪ್ ನಮ್ಮದು ಶುರುವಾಗಿ ಮೈಕ್ರೋಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬಂದು ಮುಟ್ಬೇಕು. ಅದು ಸಿಕ್ಮೇಲೆ ಪ್ರತಿ ಚರ್ಪಿನ ಶುರುವನ್ನ ರ್‍ಯಾಂಡಮ್ ಆಗಿ ಹಿಂದೆಮುಂದೆ ಮಾಡಿ, ಘೋಸ್ಟ್ ಒಂದು ಕಡೆ ನಿಲ್ಲದೆ ಚದುರಿ ಹೋಗುತ್ತಾ ನೋಡ್ಬೇಕು. ಸದ್ಯಕ್ಕೆ ಎರಡು ಬೋರ್ಡಿಗೂ ಟ್ರಿಗರ್ ವೈರ್ ಎಳೆಯೋ ಕೆಲಸ ಬಾಕಿ.