ನಾಲ್ಕು ತಂಡಗಳ ಲೀಗಿಗೂ ಒಂದು ಸ್ಥಾನ

ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಹೊಸ ಲೀಗಿನ ವಿಜೇತರಿಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ ಕೊಡಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ 2009ರ ಬೆಮಿಜಿ ಸ್ಟೇಟ್ ತಂಡ ನೆನಪಾಗುತ್ತದೆ. ಆ ತಂಡ ಆಡುತ್ತಿದ್ದ, 1999ರಲ್ಲಿ ಆರಂಭವಾದ ಕಾಲೇಜ್ ಹಾಕಿ ಅಮೆರಿಕ ಲೀಗಿನಲ್ಲಿ ಆ ಹೊತ್ತಿಗೆ ಉಳಿದಿದ್ದದ್ದು ನಾಲ್ಕೇ ಪುರುಷರ ತಂಡಗಳು. ಅಂಥ ಲೀಗಿಗೆ ರಾಷ್ಟ್ರೀಯ ಪಂದ್ಯಾವಳಿಯ ಹದಿನಾರು ಸ್ಥಾನಗಳಲ್ಲಿ ಒಂದನ್ನು ಮೀಸಲಿಡುವುದು, ಬಲಿಷ್ಠ ಲೀಗಿನಲ್ಲಿ ಐದನೆಯದಾಗಿ ನಿಂತ ತಂಡಕ್ಕೆ ಅನ್ಯಾಯವೆಂದು ನಾನೂ ಒಂದು ಕಾಲಕ್ಕೆ ವಾದಿಸುತ್ತಿದ್ದೆ. ಆದರೆ ನೇರ ಪ್ರವೇಶದಿಂದಲೇ ಬಂದ, ಕಟ್ಟಕಡೆಯ ಶ್ರೇಯಾಂಕದ ಬೆಮಿಜಿ, ನೋಟರ್ ಡೇಮ್ ತಂಡವನ್ನು 5-1ರಿಂದ ಮಣಿಸಿ, ಕಾರ್ನೆಲ್ ತಂಡವನ್ನೂ ದಾಟಿ ಸೆಮಿಫೈನಲ್ ತಲುಪಿತು. ಮರುವರ್ಷ ಆ ಪುರುಷರ ಲೀಗೇ ಮುಚ್ಚಿತೆಂಬುದು ಬೇರೆ ಮಾತು. ಹೊಸಬರನ್ನು ಕೆಲವು ವರ್ಷ ಕಾಯಿಸುವುದು ನನಗೆ ಒಪ್ಪಿಗೆ. ಬಾಗಿಲನ್ನೇ ಮುಚ್ಚುವುದು ಒಪ್ಪಿಗೆಯಿಲ್ಲ.