ಗ್ರೀಕ್ ಸಂಸ್ಕೃತಿ ಹರಡಿದ್ದು ಅಲೆಕ್ಸಾಂಡರ್ ತಾನೇ?

ಹಳೆಯ ಗ್ರೀಸ್ ಬಗ್ಗೆ ನಾನು ಎಲ್ಲಿ ಮಾತು ತೆಗೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಪೂರ್ವದ ಕಡೆಗಾದರೆ ಹೌದು, ಬಹುಪಾಲು ಅವನ ದಂಡಯಾತ್ರೆಯಿಂದಲೇ. ಆದರೆ ಅವನು ಹುಟ್ಟಿದ್ದು ಕ್ರಿ.ಪೂ. 356ರಲ್ಲಿ. ಅದಕ್ಕೂ ಸುಮಾರು 400 ವರ್ಷ ಮೊದಲೇ ಗ್ರೀಕರು ಇಟಲಿಯ ನೇಪಲ್ಸ್ ಹತ್ತಿರದ ಇಸ್ಕಿಯಾ ದ್ವೀಪಕ್ಕೆ ಬಂದು ನೆಲೆಸಿದ್ದರು. ಅಲ್ಲಿಂದ ಉತ್ತರಕ್ಕೆ, ಮಧ್ಯ ಇಟಲಿಯಲ್ಲಿ, ಎಟ್ರುಸ್ಕನ್ನರೆಂಬ ಹಳೆಯ ಜನರ ನಾಡು. ಅಲ್ಲಿ ಕಬ್ಬಿಣ, ತಾಮ್ರದ ಅದಿರು ಧಾರಾಳ. ವ್ಯಾಪಾರ ಕುದುರಲು ಇನ್ನೇನು ಬೇಕು?

ಸರಕಿನ ಜೊತೆ ಅಕ್ಷರವೂ ಹೋಯಿತು. ನನಗೆ ತುಂಬ ಇಷ್ಟವಾದ ಕಥೆ ಇದು. ಗ್ರೀಕರದ್ದು ಆಲ್ಫಾ, ಬೀಟಾ, ಗಾಮಾ. ಇಂಗ್ಲಿಷಿನಲ್ಲಿ ಎ, ಬಿ, ಸಿ. 'ಗ' ಇರಬೇಕಾದ ಜಾಗಕ್ಕೆ 'ಸಿ' ಹೇಗೆ ಬಂತು? ಎಟ್ರುಸ್ಕನ್ ಭಾಷೆಯಲ್ಲಿ 'ಗ' ಸದ್ದೇ ಇರಲಿಲ್ಲ. ಹಾಗಾಗಿ ಅವರು ಗಾಮಾವನ್ನು 'ಕ' ಎಂದು ಓದಿಕೊಂಡರು. (ತಮಿಳಿನಲ್ಲೂ ಕ, ಗ ಎರಡಕ್ಕೂ ಒಂದೇ ಅಕ್ಷರ, ಅಲ್ವಾ?) ರೋಮನ್ನರು ಅಕ್ಷರ ಕಲಿತದ್ದು ಎಟ್ರುಸ್ಕನ್ನರಿಂದ. ಆದರೆ ರೋಮನ್ನರ ಬಾಯಲ್ಲಿ 'ಗ' ಇತ್ತು. ಕೊನೆಗೆ ಕ್ರಿ.ಪೂ. 3ನೇ ಶತಮಾನದಲ್ಲಿ 'ಸಿ'ಗೇ ಒಂದು ಗೀಟು ಸೇರಿಸಿ 'ಜಿ' ಮಾಡಿಕೊಂಡರು. ಶಾಲೆಯಲ್ಲಿ ನಾವೆಲ್ಲ ತಿದ್ದಿದ್ದು ಇದೇ ರಿಪೇರಿ ಮಾಡಿದ ಅಕ್ಷರಮಾಲೆ.

ದ್ರಾಕ್ಷಾರಸದ ಕೂಟವೂ ಹೀಗೇ. ಮಂಚದ ಮೇಲೆ ಒರಗಿ ಕುಡಿಯುವ ಗ್ರೀಕ್ ಪದ್ಧತಿಯನ್ನು ಎಟ್ರುಸ್ಕನ್ನರು ಖುಷಿಯಿಂದ ತೆಗೆದುಕೊಂಡರು. ಆದರೆ ಗ್ರೀಕರ ಕೂಟಕ್ಕೆ ಮನೆಯ ಹೆಂಗಸರು ಬರುವಂತಿರಲಿಲ್ಲ. ಆ ನಿಯಮವನ್ನು ಇವರು ಅಲ್ಲೇ ಬಿಟ್ಟರು. ಎಟ್ರುಸ್ಕನ್ನರ ನಾಡಿನ ಚೆರ್ವೆತೇರಿ ಎಂಬ ಊರಿನಲ್ಲಿ ಸಿಕ್ಕ, ಕ್ರಿ.ಪೂ. 520ರ ಸುಮಾರಿನ ಮಣ್ಣಿನ ಶವಪೆಟ್ಟಿಗೆಯ ಮೇಲೆ ಗಂಡ ಹೆಂಡತಿ ಒಂದೇ ಮಂಚದಲ್ಲಿ ಒರಗಿದ್ದಾರೆ. ಇಂಥದ್ದನ್ನೆಲ್ಲ ಕೇಳಿ ಥಿಯೊಪೊಂಪಸ್ ಎಂಬ ಗ್ರೀಕ್ ಇತಿಹಾಸಕಾರ ಎಟ್ರುಸ್ಕನ್ ಹೆಂಗಸರ ಬಗ್ಗೆ ಬಾಯಿಗೆ ಬಂದಂತೆ ಬರೆದಿಟ್ಟ. ಅವನ ಮಾತನ್ನು ನಾನಂತೂ ಜಾಸ್ತಿ ನಂಬುವುದಿಲ್ಲ.

ಹಾಗಂತ ಕಲಿತವರು ಎಟ್ರುಸ್ಕನ್ನರು ಮಾತ್ರ ಅಂದುಕೊಳ್ಳಬೇಡಿ. ಕ್ರಿ.ಪೂ. 6ನೇ ಶತಮಾನದಲ್ಲಿ ಅಥೆನ್ಸ್‌ನಲ್ಲಿ ನಿಕೋಸ್ಥೆನೆಸ್ ಎಂಬ ಕುಂಬಾರನಿದ್ದ. ಎಟ್ರುಸ್ಕನ್ನರ ಕರೀ ಮಣ್ಣಿನ ಹೂಜಿಗಳಿಗೆ ಅಗಲವಾದ ಪಟ್ಟಿಯಂಥ ಹಿಡಿಗಳಿರುತ್ತಿದ್ದವು. ಇವನು ಅದೇ ಆಕಾರದಲ್ಲಿ ಹೂಜಿ ಮಾಡಿ, ಮೇಲೆ ಗ್ರೀಕ್ ಚಿತ್ರ ಬರೆಸಿ, ತನ್ನ ಹೆಸರನ್ನೂ ಹಾಕಿ ಹಡಗು ಹತ್ತಿಸಿದ. ಅವುಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿದ್ದು ಗ್ರೀಸ್‌ನಲ್ಲಲ್ಲ, ಎಟ್ರುಸ್ಕನ್ನರ ಗೋರಿಗಳಲ್ಲಿ.