ಭಾನುವಾರ ಹೆಣೆದರೆ ಗುರುವಾರದವರೆಗೆ

ಜೂನ್ 15, 2025, ಭಾನುವಾರ

ನಾಳೆಯಿಂದ ಮತ್ತೆ ಮಾರ್ನಿಂಗ್ ಶಿಫ್ಟ್. ಏಳಕ್ಕೆ ವಾರ್ಡಿನಲ್ಲಿರಬೇಕು ಅಂದರೆ ಆರೂಕಾಲಿಗೆ ಸ್ಕೂಟರ್ ಹತ್ತಬೇಕು. ಅಷ್ಟರೊಳಗೆ ತಿಂಡಿ, ಡಬ್ಬಿ, ಮಗಳ ಎರಡು ಜಡೆ. ನನ್ನ ಗುಂಗುರು ಕೂದಲಿನ ಸಿಕ್ಕು ಬಿಡಿಸೋಕೆ ಆ ಹೊತ್ತಿನಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು? ಅವಸರದಲ್ಲಿ ಬಾಚಿದರೆ ಕಿತ್ತು ಬರುವುದೇ ಜಾಸ್ತಿ. ಅದಕ್ಕೇ ಕೂದಲ ಕೆಲಸವನ್ನೆಲ್ಲ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ. ಇವತ್ತಿನದು ಮುಗೀತು. ಇನ್ನು ಗುರುವಾರದವರೆಗೆ ಬಾಚಣಿಗೆ ಮುಟ್ಟುವುದಿಲ್ಲ.

ಇದನ್ನು ವಿವರವಾಗಿ ಬರೆಯಬೇಕು ಅನಿಸಿದ್ದು ನಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯಿಂದ. ಮೊನ್ನೆ ಡ್ಯೂಟಿ ರೂಮಿನಲ್ಲಿ ಕ್ಯಾಪ್ ತೆಗೆದು, "ಅಕ್ಕಾ, ಕೂದಲು ತುಂಬಾ ಉದುರ್ತಿದೆ. ಬಾಬ್ ಕಟ್ ಮಾಡಿಸಿಬಿಡ್ಲಾ?" ಅಂದಳು. "ಮೊದಲು ಉದುರಿದ್ದನ್ನ ನೋಡೋಣ ಇರು" ಅಂದೆ. ಅವಳ ಹೆಗಲ ಮೇಲಿಂದ ಹೆಕ್ಕಿದ ಕೂದಲು ಬೆರಳುದ್ದವೂ ಇರಲಿಲ್ಲ. ಕಿಟಕಿ ಬೆಳಕಿಗೆ ಹಿಡಿದೆವು. ಬುಡದಿಂದ ಉದುರಿದ ಕೂದಲಿಗೆ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇರುತ್ತದೆ. ಇವುಗಳಲ್ಲಿ ಒಂದಕ್ಕೂ ಇರಲಿಲ್ಲ. ಅಂದರೆ ಇವು ಉದುರಿದ ಕೂದಲಲ್ಲ, ನಡುವೆ ತುಂಡಾದವು.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದ ಹತ್ತಿರ ಬರುವ 60 ಸೆಂಟಿಮೀಟರ್ ಜಡೆಯ ತುದಿಗೆ ಹತ್ತಿರಹತ್ತಿರ 5 ವರ್ಷ ವಯಸ್ಸು! ಅಷ್ಟು ವರ್ಷದ ಬಿಸಿಲು, ಬೋರ್‌ವೆಲ್ ನೀರು, ಶಾಂಪೂ, ದಿಂಬು, ದುಪಟ್ಟಾ, ಬ್ಯಾಗಿನ ಪಟ್ಟಿ, ಹೆಲ್ಮೆಟ್ಟಿನ ಬಕಲ್ ಎಲ್ಲವನ್ನೂ ಅದು ತಡೆದುಕೊಂಡಿರುತ್ತದೆ. ಗುಂಗುರು ಕೂದಲಾದರೆ ಕಷ್ಟ ಇನ್ನೂ ಹೆಚ್ಚು. ನೆತ್ತಿಯ ಎಣ್ಣೆಯಂಶ ಆ ಸುರುಳಿಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ, ಒಂದೊಂದು ತಿರುವಿನಲ್ಲೂ ಎಳೆ ಸ್ವಲ್ಪ ಬಲ ಕಳೆದುಕೊಂಡಿರುತ್ತದೆ. ಜಡೆ ಹಾಕಿದಾಗ ಎಳೆಗಳೆಲ್ಲ ಒಟ್ಟಿಗೆ ಕೂರುತ್ತವೆ, ತುದಿ ಮುಚ್ಚಿಕೊಳ್ಳುತ್ತದೆ, ಉಜ್ಜಾಟ ಕಡಿಮೆಯಾಗುತ್ತದೆ. ನಿಜವಾದ ಲಾಭ ಸಿಗುವುದು ಹಾಗೆ ಹೆಣೆದದ್ದನ್ನು ದಿನಾ ಬಿಚ್ಚದೆ ಸುಮ್ನೆ ಬಿಟ್ಟಾಗ.

ಈ ಮಾತು ಕಲಿಸಿದ್ದು ನರ್ಸಿಂಗ್ ಓದುವಾಗ ಹಾಸ್ಟೆಲಿನಲ್ಲಿ ಪಕ್ಕದ ರೂಮಿನಲ್ಲಿದ್ದ ಟಾಂಜಾನಿಯಾದ ಗೆಳತಿ. ಪರೀಕ್ಷೆಗೆ ಮುಂಚೆ ಕನ್ನಡಿ ಮುಂದೆ ಒಂದು ಸಂಜೆ ಕೂತು ಹೆಣೆದಳೆಂದರೆ ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಕೂದಲ ಚಿಂತೆಯಿಲ್ಲ. ನೆತ್ತಿಗೆ ಅಂಟಿಸಿದಂತೆ ಹಣೆಯಿಂದ ಹಿಂದಕ್ಕೆ ನೇರ ಸಾಲು ಸಾಲಾಗಿ ಹೆಣೆಯುವ ಒಂದು ಬಗೆಗೆ ಅವರ ಕಡೆ 'ಟ್ವೆಂಡೆ ಕಿಲಿಯೋನಿ' ಅನ್ನುತ್ತಾರೆ. ಸಾವಿನ ಮನೆಗೆ ಹೋಗೋಣ ಅಂತ ಅರ್ಥ. ಸುದ್ದಿ ಬಂದ ತಕ್ಷಣ ಹೊರಡಬೇಕಾದಾಗಲೂ ಹಾಕಿಕೊಳ್ಳಬಹುದಾದಷ್ಟು ಸರಳ ಹೆಣಿಗೆ ಅದು. ಆಫ್ರಿಕಾದ ಮತ್ತು ಅಲ್ಲಿಂದ ಬೇರೆ ದೇಶಗಳಿಗೆ ಒಯ್ಯಲ್ಪಟ್ಟವರ ಮನೆಗಳಲ್ಲಿ ತಲೆತಲಾಂತರದಿಂದ ಬಂದ ವಿದ್ಯೆ ಇದು. ಅಮೆರಿಕದಲ್ಲಿ ಈ ಜಡೆಗಳ ಕಾರಣಕ್ಕೇ ಕೆಲಸದಲ್ಲಿ, ಶಾಲೆಯಲ್ಲಿ ಜನರನ್ನು ದೂರ ಇಟ್ಟಿದ್ದುಂಟು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ತಡೆಯಲು ಕ್ರೌನ್ ಆಕ್ಟ್ ಅನ್ನುವ ಕಾನೂನನ್ನೇ ತರಬೇಕಾಯಿತು. ಯಲ್ಲಾಪುರ, ಹಳಿಯಾಳದ ಕಡೆಯ ನಮ್ಮ ಸಿದ್ದಿ ಹೆಣ್ಣುಮಕ್ಕಳ ಕೂದಲಿಗೂ ಈ ಹೆಣಿಗೆಗಳು ಚೆನ್ನಾಗಿ ಒಪ್ಪುತ್ತವೆ. ಅಂಗಡಿಯಲ್ಲಿ ಸಿಗುವ ಒತ್ತು ಹಲ್ಲಿನ ಬಾಚಣಿಗೆ ಮಾತ್ರ ಅಂಥ ಕೂದಲಿಗೆ ಹೇಳಿದ್ದಲ್ಲ.

ನನಗೆ ಅವಳು ಕಲಿಸಿದ್ದು ಎರಡೆಳೆಯ ಹೊಸೆತ. ಮೂರೆಳೆ ಜಡೆಗಿಂತ ಬೇಗ ಮುಗಿಯುತ್ತದೆ, ಬಿಚ್ಚುವುದೂ ಸುಲಭ. ಇವತ್ತು ಮಾಡಿದ್ದೂ ಅದೇ. ತಲೆಗೆ ನೀರು ಹಾಕುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ನಮ್ಮಜ್ಜಿ ಹೇಳುತ್ತಿದ್ದುದು ಸುಳ್ಳಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿತ್ತು, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ತಗ್ಗಿಸಿರಲಿಲ್ಲ. ಸ್ನಾನವಾದ ಮೇಲೆ ಕಂಡೀಷನರ್ ಇರುವಾಗಲೇ ಬೆರಳಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿದೆ. ನೆನೆದ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಜೋರಾಗಿ ಎಳೆದರೆ ಪಟ್ಟಂತ ಹರಿಯುತ್ತದೆ. ಈ ಒಂದು ಕೆಲಸದಲ್ಲಿ ಅವಸರ ನಡೆಯುವುದಿಲ್ಲ.

ನಡುಬೈತಲೆ ತೆಗೆದು, ಒಂದೊಂದು ಕಡೆ ಎರಡೆರಡು ಭಾಗ ಮಾಡಿಕೊಂಡೆ. ಒಂದು ಭಾಗವನ್ನು ತೆಗೆದುಕೊಂಡು ಎರಡು ಎಳೆ ಮಾಡಬೇಕು. ಎರಡನ್ನೂ ಬೇರೆ ಬೇರೆಯಾಗಿ ಬಲಕ್ಕೆ ಹೊಸೆಯಬೇಕು. ಆಮೇಲೆ ಒಂದರ ಮೇಲೊಂದನ್ನು ಎಡಕ್ಕೆ ಸುತ್ತುತ್ತಾ ಇಳಿಯಬೇಕು. ಹೊಸೆಯುವುದು, ಸುತ್ತುವುದು ಎರಡನ್ನೂ ಒಂದೇ ದಿಕ್ಕಿಗೆ ಮಾಡಿದರೆ ಕೈಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಎದುರು ದಿಕ್ಕಿಗೆ ಸುತ್ತಿದಾಗ ಬಿಚ್ಚಿಕೊಳ್ಳಲು ಹೊರಟ ಎಳೆಗಳೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಗ್ಗ ಹೊಸೆಯುವುದೂ ಹೀಗೇ ಅಲ್ವಾ? ನುಣುಪು ಕೂದಲಿನವರಿಗೆ ತುದಿಯಲ್ಲಿ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡ್ ಬೇಕೇ ಬೇಕು. ಗುಂಗುರು ಕೂದಲಾದರೆ ತುದಿಯನ್ನು ಬೆರಳಿಗೆ ಸುತ್ತಿ ಬಿಟ್ಟರೆ ತಾನೇ ನಿಲ್ಲುತ್ತದೆ. ನಾಲ್ಕು ಹೊಸೆತ ಮುಗಿಯುವಷ್ಟರಲ್ಲಿ ಕುಕ್ಕರ್ ಕೂಗಿತು.

ಬೆಳಿಗ್ಗೆ ಇರುವುದು ಒಂದೇ ಕೆಲಸ. ನಾಲ್ಕನ್ನೂ ಕತ್ತಿನ ಹಿಂದೆ ಒಟ್ಟು ಮಾಡಿ, ತುದಿ ಒಳಗೆ ಮಡಚಿ, ಯು ಪಿನ್ ಹಾಕುವುದು. ತುರುಬು ತಗ್ಗಿನಲ್ಲಿದ್ದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಎತ್ತರದ ತುರುಬಿನ ಮೇಲೆ ಹೆಲ್ಮೆಟ್ ಹಾಕುವವರನ್ನು ಸಿಗ್ನಲ್ಲಿನಲ್ಲಿ ನೋಡಿದಾಗೆಲ್ಲ ಜೀವ ಝಲ್ ಅನ್ನುತ್ತದೆ. ಅದು ತಲೆ ಮೇಲೆ ಕೂತಿರುವುದೇ ಇಲ್ಲ, ಬಿದ್ದರೆ ಕಾಪಾಡುವುದೂ ಇಲ್ಲ. ಜಡೆಯನ್ನು ಹಾಗೇ ಇಳಿಬಿಟ್ಟು ಗಾಡಿ ಓಡಿಸುವುದೂ ಬೇಡ. ಗಾಳಿಗೆ ತುದಿಯೆಲ್ಲ ಗಂಟಾಗಿ, ಸಂಜೆ ಬಿಡಿಸುವಾಗ ಅಷ್ಟೂ ಹರಿಯುತ್ತದೆ.

ಬಿಗಿ ಬಗ್ಗೆ ಮಾತ್ರ ನಾನು ಎಷ್ಟು ಹೇಳಿದರೂ ಸಾಲದು. ಅಚ್ಚುಕಟ್ಟಾಗಿ ಕಾಣಲಿ ಅಂತ ಹಣೆಯ ಅಂಚಿನಿಂದ ಎಳೆದೆಳೆದು ಹೆಣೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಹಣೆಯಂಚು, ಕಿವಿಯ ಮುಂದಿನ ಕೂದಲು ಎಲ್ಲಕ್ಕಿಂತ ತೆಳು. ಹೆಣೆದಾದ ಮೇಲೆ ಹುಬ್ಬು ಎತ್ತಿದಾಗ ನೆತ್ತಿ ಎಳೆದಂತಾದರೆ, ರಾತ್ರಿ ದಿಂಬಿಗೆ ತಲೆಯಿಟ್ಟಾಗ ನೋವಾದರೆ, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಆ ಜಡೆ ಆಗಲೇ ಬಿಚ್ಚಬೇಕು. ದಿನಾ ಹಾಗೇ ಎಳೆಯುತ್ತಿದ್ದರೆ ಬರುವುದು ಟ್ರಾಕ್ಷನ್ ಅಲೋಪೇಷಿಯಾ, ಅಂದರೆ ಎಳೆತದಿಂದಲೇ ಕೂದಲು ಉದುರಿಹೋಗುವುದು. ಬೇಗ ಗೊತ್ತಾಗಿ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬುಡ ಗಾಯವಾಗಿ ಮುಚ್ಚಿಹೋಗುತ್ತದೆ, ಆಮೇಲೆ ಬರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಟೇಪು ಕಟ್ಟಿ ಎರಡು ಜಡೆ ಮಡಚುವ ಅಮ್ಮಂದಿರು ದಯವಿಟ್ಟು ಇದನ್ನು ನೆನಪಿಡಿ. ನಾನು ಮಗಳಿಗೆ ಮೊದಲ ಎರಡು ಹೆಣಿಗೆ ಸಡಿಲವಾಗಿಯೇ ಹಾಕುತ್ತೇನೆ, ಬೈತಲೆಯನ್ನು ಆಗಾಗ ಆಚೀಚೆ ಸರಿಸುತ್ತೇನೆ.

ಮಳೆಗಾಲ ಬೇರೆ ಶುರುವಾಗಿದೆ. ಹೊಸೆತ ಒದ್ದೆಯಲ್ಲಿ ಹಾಕಿದರೂ ಅದನ್ನು ತುರುಬು ಕಟ್ಟುವ ಮುಂಚೆ ಬುಡ ಪೂರ್ತಿ ಒಣಗಿರಲೇಬೇಕು. ಇಲ್ಲದಿದ್ದರೆ ವಾಸನೆ, ತುರಿಕೆ. ಇವತ್ತು ಬಿಸಿಲಿರಲಿಲ್ಲ. ಫ್ಯಾನ್ ಕೆಳಗೆ ಹುರುಳಿಕಾಯಿ ಸೋಸುತ್ತಾ ಕೂತೆ, ಒಣಗಿತು. ಹೊಸೆತವಿರುವಾಗ ಮಧ್ಯದಲ್ಲಿ ನೆತ್ತಿ ಜಿಡ್ಡಾದರೆ ಬೈತಲೆ ಸಾಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರಾಯಿತು. ಮಲಗುವಾಗ ಹಳೆಯ ರೇಷ್ಮೆ ಸೀರೆಯ ತುಂಡು ಸುತ್ತಿಕೊಳ್ಳುತ್ತೇನೆ. ಹತ್ತಿ ದಿಂಬಿಗೆ ಉಜ್ಜುವುದು ತಪ್ಪುತ್ತದೆ.

ಗುರುವಾರ ಬಿಚ್ಚುವಾಗ ಕೈಗೆ ಎರಡು ಹನಿ ಎಣ್ಣೆ ಹಚ್ಚಿಕೊಂಡು ತುದಿಯಿಂದ ಶುರುಮಾಡಬೇಕು. ಆಗ ಕೂದಲು ಉಂಡೆ ಉಂಡೆಯಾಗಿ ಕೈಗೆ ಬರುತ್ತದೆ. ಯಾರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೊಸೆತದಲ್ಲಿರುವಾಗ ಅವು ಕೆಳಗೆ ಬೀಳದೆ ಒಳಗೇ ಸಿಕ್ಕಿಕೊಂಡಿರುತ್ತವೆ, ನಾಲ್ಕು ದಿನದ್ದು ಒಟ್ಟಿಗೆ ಕಾಣುತ್ತದೆ ಅಷ್ಟೇ. ಆ ಹುಡುಗಿಗೆ ಇದನ್ನು ನಾಳೆಯೇ ಹೇಳಬೇಕು. ಮೊದಲ ಸಲ ಬಿಚ್ಚಿ ಆ ಉಂಡೆ ನೋಡಿದರೆ ಗಾಬರಿಯಾಗಿ ಸೀದಾ ಪಾರ್ಲರಿಗೆ ಹೋಗಿ ಕತ್ತರಿಸಿಕೊಂಡು ಬಂದುಬಿಡುತ್ತಾಳೆ.